ತಟ್ಟೆ ಬೇರೆ, ಬರಹ ಬೇರೆ: ಡಿಸ್ಕ್ ಪ್ಲೇಯರಿನ ಪದಗಳು

ನಮ್ಮಲ್ಲಿ ದುಂಡಗೆ ಹೊಳೆಯುವುದೆಲ್ಲ ‘ಸಿಡಿ’. ಮದುವೆ ಸಿಡಿ, ಸಿನಿಮಾ ಸಿಡಿ, ಭಜನೆ ಸಿಡಿ. ಮನೆಮಾತಿಗೆ ಅಷ್ಟು ಸಾಕು. ಆದರೆ ಪ್ಲೇಯರ್ ‘ನೋ ಡಿಸ್ಕ್’ ಎಂದು ತೋರಿಸಿ ಸುಮ್ಮನಾದಾಗ, ಅಥವಾ ಚಿತ್ರ ಬಂದು ಮಾತು ಕೇಳಿಸದಿದ್ದಾಗ ಈ ಒಂದು ಪದ ಸಾಲದು. ಆಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು: ಈ ತಟ್ಟೆ ಯಾವುದು? ಅದರ ಮೇಲಿನ ಬರಹ ಯಾವುದು? ಪ್ಲೇಯರಿನ ಡಬ್ಬದ ಮೇಲೆ, ರಿಮೋಟಿನಲ್ಲಿ, ಸೆಟಪ್ ಮೆನುವಿನಲ್ಲಿ ಕಾಣುವ ಬಹುಪಾಲು ಪದಗಳು ಈ ಎರಡರಲ್ಲಿ ಒಂದಕ್ಕೆ ಸೇರುತ್ತವೆ. ಉಳಿದವು ಪ್ಲೇಯರಿನಿಂದ ಟಿವಿಯವರೆಗಿನ ದಾರಿಗೆ ಸೇರಿದವು.

ಮೊದಲು ತಟ್ಟೆ. ಸಿಡಿ, ಡಿವಿಡಿ, ಬ್ಲೂ-ರೇ ಮೂರೂ 120 ಮಿ.ಮೀ. ಅಗಲ, 1.2 ಮಿ.ಮೀ. ದಪ್ಪ, ನಡುವೆ 15 ಮಿ.ಮೀ. ತೂತು. ಹೊರನೋಟಕ್ಕೆ ಒಂದೇ, ವ್ಯತ್ಯಾಸವಿರುವುದು ಬರಹ ಸುರುಳಿಯಾಗಿ ಸಾಗುವ ಗೆರೆಗಳ ನವಿರಿನಲ್ಲಿ. ಸಿಡಿಯಲ್ಲಿ ಒಂದು ಸುತ್ತಿನಿಂದ ಪಕ್ಕದ ಸುತ್ತಿಗೆ 1.6 ಮೈಕ್ರಾನ್ ಅಂತರ, ಡಿವಿಡಿಯಲ್ಲಿ 0.74, ಬ್ಲೂ-ರೇಯಲ್ಲಿ 0.32. ಗೆರೆ ನವಿರಾದಷ್ಟೂ ಅದನ್ನು ಓದುವ ಬೆಳಕಿನ ಮೊನೆ ಚೂಪಾಗಬೇಕು. ಅದಕ್ಕಾಗಿಯೇ ಲೇಸರ್ ಬದಲಾಗುತ್ತ ಬಂತು: ಸಿಡಿಗೆ 780 ನ್ಯಾನೊಮೀಟರಿನ ಅವಗೆಂಪು, ಡಿವಿಡಿಗೆ 650ರ ಕೆಂಪು, ಬ್ಲೂ-ರೇಗೆ 405ರ ನೀಲಿ-ನೇರಳೆ. ‘ಬ್ಲೂ’ ಎಂಬ ಹೆಸರು ಬಂದದ್ದು ಇಲ್ಲಿಂದ. ಸಿಡಿಯಲ್ಲಿ ಹಿಡಿಯುವುದು 650 ರಿಂದ 700 ಎಂಬಿ, ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ, ಒಂದು ಪದರದ ಬ್ಲೂ-ರೇಯಲ್ಲಿ 25 ಜಿಬಿ. 4.7 ಜಿಬಿ ಡಿಸ್ಕನ್ನು ಕಂಪ್ಯೂಟರ್ 4.37 ಎಂದು ತೋರಿಸಿದರೆ ಡಿಸ್ಕ್ ಖೋಟಾ ಅಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಈಗ ಬರಹ. ವಿಸಿಡಿ ಅಂದರೆ ಬೇರೆ ಜಾತಿಯ ತಟ್ಟೆಯಲ್ಲ. ಸಿಡಿ ತಟ್ಟೆಯ ಮೇಲೆಯೇ ವಿಡಿಯೊ ಬರೆಯಲು 1993ರಲ್ಲಿ ನಿಗದಿಯಾದ ಕ್ರಮ ಅದು. ಎಂಪೆಗ್-1 ಎಂಬ ಸಂಕೋಚನ (ಚಿತ್ರವನ್ನು ಕುಗ್ಗಿಸಿ ಬರೆಯುವ ವಿಧಾನ), ಚಿತ್ರದ ಅಳತೆ 352×288 ಚುಕ್ಕೆ, ಸೆಕೆಂಡಿಗೆ 1150 ಕಿಲೋಬಿಟ್ ಚಿತ್ರಕ್ಕೆ, 224 ಕಿಲೋಬಿಟ್ ದನಿಗೆ. ಈ ವೇಗದಲ್ಲಿ ಒಂದು ಸಿಡಿಗೆ 74 ರಿಂದ 80 ನಿಮಿಷ ಮಾತ್ರ. ಎರಡೂವರೆ ಗಂಟೆಯ ಕನ್ನಡ ಸಿನಿಮಾ ಎರಡು ಡಿಸ್ಕ್ ಆಗಿ ಬರುತ್ತಿದ್ದುದು, ಮಧ್ಯಂತರದ ಹೊತ್ತಿಗೆ ಎದ್ದು ಡಿಸ್ಕ್ ಬದಲಿಸಬೇಕಾಗುತ್ತಿದ್ದುದು ಇದರಿಂದ. ವಿಸಿಡಿಗೆ ಸಂಬಂಧಿಸಿದ ಒಂದು ಬಟನ್ ರಿಮೋಟಿನಲ್ಲಿ ಈಗಲೂ ಇರುತ್ತದೆ: ಪಿಬಿಸಿ, ಅಂದರೆ ‘ಪ್ಲೇಬ್ಯಾಕ್ ಕಂಟ್ರೋಲ್’. ಅದು ಆನ್ ಇದ್ದರೆ ಡಿಸ್ಕಿನೊಳಗಿನ ಮೆನು ಹೇಳಿದಂತೆ ಪ್ಲೇಯರ್ ನಡೆಯುತ್ತದೆ. ಆಫ್ ಮಾಡಿದರೆ ಮೊದಲ ಟ್ರ್ಯಾಕಿನಿಂದ ನೇರ ಓಡುತ್ತದೆ. ವಿಸಿಡಿ ಹಾಕಿದ ಮೇಲೆ ಒಂದು ಸ್ಥಿರಚಿತ್ರ ಬಂದು ನಿಂತುಬಿಟ್ಟರೆ, ಅಥವಾ ನಂಬರ್ ಒತ್ತಿದರೂ ಬೇಕಾದ ಹಾಡಿಗೆ ಹೋಗದಿದ್ದರೆ, ರಿಪೇರಿಗೆ ಹೊರಡುವ ಮುನ್ನ ಪಿಬಿಸಿ ಒತ್ತಿ ನೋಡಿ.

ಡಿವಿಡಿ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು, ಯಾಕೆಂದರೆ ತಟ್ಟೆಗೂ ಬರಹಕ್ಕೂ ಒಂದೇ ಹೆಸರು. ‘ಡಿವಿಡಿ-ವಿಡಿಯೊ’ ಎಂಬುದು ಬರಹದ ಹೆಸರು: ಎಂಪೆಗ್-2 ಚಿತ್ರ, 720×576 ಅಥವಾ 720×480 ಚುಕ್ಕೆ, ಚಿತ್ರಕ್ಕೆ ಹೆಚ್ಚೆಂದರೆ ಸೆಕೆಂಡಿಗೆ 9.8 ಮೆಗಾಬಿಟ್. ಗರಿಷ್ಠ 8 ದನಿ ಟ್ರ್ಯಾಕ್, 32 ಸಬ್‌ಟೈಟಲ್, 9 ಕ್ಯಾಮೆರಾ ಕೋನಗಳಿಗೆ ಜಾಗ. ಇದೆಲ್ಲ ಡಿಸ್ಕಿನಲ್ಲಿ ‘ವಿಡಿಯೊ ಟಿಎಸ್’ ಎಂಬ ಫೋಲ್ಡರಿನೊಳಗೆ ಮೂರು ಬಗೆಯ ಫೈಲಾಗಿ ಕೂತಿರುತ್ತದೆ: ಚಿತ್ರ-ದನಿ ಇರುವ ವಿಒಬಿ, ಯಾವುದಾದ ಮೇಲೆ ಯಾವುದು ಎಂದು ಹೇಳುವ ಐಎಫ್ಒ, ಅದರ ನಕಲು ಬಿಯುಪಿ. ಅದೇ ತಟ್ಟೆಗೆ ಮೊಬೈಲಿನ ಎಂಪಿ4 ಫೈಲುಗಳನ್ನು ಎಳೆದು ಹಾಕಿ ಬರ್ನ್ ಮಾಡಿದರೆ ತಟ್ಟೆ ಡಿವಿಡಿಯೇ, ಬರಹ ಮಾತ್ರ ಡಿವಿಡಿ-ವಿಡಿಯೊ ಅಲ್ಲ. ಅದಕ್ಕೆ ‘ಡೇಟಾ ಡಿಸ್ಕ್’ ಎನ್ನುತ್ತಾರೆ. ಹಳೆಯ ಪ್ಲೇಯರ್ ಡಿಸ್ಕನ್ನು ಗುರುತಿಸಿದರೂ ಅದನ್ನು ಓಡಿಸುವುದಿಲ್ಲ. ಮುಂಭಾಗದಲ್ಲಿ ‘ಡಿವ್‌ಎಕ್ಸ್’ ಗುರುತಿರುವ ಪ್ಲೇಯರ್ ಎವಿಐ ಫೈಲನ್ನು ಓಡಿಸಬಲ್ಲದು. ಎಚ್.264 ಎಂಬ ಸಂಕೋಚನ ಇರುವ ಎಂಪಿ4 ಅದಕ್ಕೂ ಸಾಮಾನ್ಯವಾಗಿ ಜೀರ್ಣವಾಗದು.

ಬರೆದ ಡಿಸ್ಕುಗಳಲ್ಲಿ ಇನ್ನೊಂದು ಪದ ‘ಫೈನಲೈಸ್’. ಡಿವಿಡಿ ರೆಕಾರ್ಡರಿನಲ್ಲಿ ತುಂಬಿಸಿದ ಡಿಸ್ಕಿಗೆ ಕೊನೆಯಲ್ಲಿ ಪರಿವಿಡಿ ಬರೆದು ಮುಚ್ಚುವ ಕೆಲಸ ಅದು. ಅದಾಗದ ಡಿಸ್ಕ್ ಬರೆದ ಯಂತ್ರದಲ್ಲಿ ಓಡುತ್ತದೆ, ನೆಂಟರ ಮನೆಯ ಪ್ಲೇಯರಿನಲ್ಲಿ ‘ಬ್ಯಾಡ್ ಡಿಸ್ಕ್’ ಆಗುತ್ತದೆ. ಮದುವೆ, ನಾಮಕರಣದ ಡಿಸ್ಕುಗಳಲ್ಲಿ ಈ ದೂರು ಬಂದಾಗ ಮೊದಲು ಸಂಶಯಿಸಬೇಕಾದದ್ದು ಇದನ್ನೇ. ಡಿವಿಡಿ-ಆರ್ ಮತ್ತು ಡಿವಿಡಿ+ಆರ್ ನಡುವಿನ ಗೆರೆ-ಕೂಡು ಗುರುತು ಎರಡು ತಯಾರಕ ಗುಂಪುಗಳ ಜಗಳದ ಉಳಿಕೆ. ಇವತ್ತು ಸಿಗುವ ಯಾವ ಪ್ಲೇಯರಿಗೂ ಅದು ದೊಡ್ಡ ವಿಷಯವಲ್ಲ.

ಪದರ ಮತ್ತು ಗೀರು

ಡಿವಿಡಿ-5, ಡಿವಿಡಿ-9 ಎಂಬ ಹೆಸರುಗಳು ಜಿಬಿಯ ಅಂದಾಜು. ಒಂದು ಪದರ ಇದ್ದರೆ 4.7 ಜಿಬಿ, ಅದು ಡಿವಿಡಿ-5. ಒಂದೇ ಬದಿಯಲ್ಲಿ ಎರಡು ಪದರ ಇದ್ದರೆ 8.5 ಜಿಬಿ, ಅದು ಡಿವಿಡಿ-9. ಈ ಅಂಕಿ ಯಾಕೆ ಮುಖ್ಯ ಎಂದರೆ, ಚಿತ್ರದ ಗುಣಮಟ್ಟ ಎಂಬುದು ಕೊನೆಗೂ ಭಾಗಾಕಾರದ ಲೆಕ್ಕ. 4.7 ಜಿಬಿಯಲ್ಲಿ ಎರಡು ಗಂಟೆ ತುಂಬಿದರೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸಿಗುತ್ತದೆ, ಚಿತ್ರ ಚೆನ್ನಾಗಿರುತ್ತದೆ. ಅದರಲ್ಲೇ ಮೂರು ಗಂಟೆ ತುಂಬಿದರೆ ಮೂರೂವರೆ. ‘3 ಇನ್ 1’ ಎಂದು ಮೂರು ಸಿನಿಮಾ, ಏಳೂವರೆ ಗಂಟೆ, ಒಂದು ಪದರದಲ್ಲಿ ತುರುಕಿದರೆ ಸೆಕೆಂಡಿಗೆ 1.4 ಮೆಗಾಬಿಟ್ ಕೂಡ ಉಳಿಯುವುದಿಲ್ಲ. ಅಂದರೆ ವಿಸಿಡಿಯ ಮಟ್ಟ. ಇಂಥ ಡಿಸ್ಕಿನಲ್ಲಿ ಮಳೆಯ ದೃಶ್ಯ, ಹೊಡೆದಾಟ, ಗುಂಪು ಕುಣಿತ ಬಂದಾಗ ಮುಖಗಳು ಚೌಕ ಚೌಕವಾಗಿ ಒಡೆಯುತ್ತವೆ. ಅದು ಪ್ಲೇಯರಿನ ತಪ್ಪಲ್ಲ, ಲೆನ್ಸ್ ಬದಲಿಸಿದರೂ ಸರಿಹೋಗುವುದಿಲ್ಲ.

ಪ್ಲೇಯರ್ ಡಿಸ್ಕನ್ನು ಓದುವುದು ಒಳಗಿನಿಂದ ಹೊರಕ್ಕೆ. ಗ್ರಾಮಾಫೋನಿಗೆ ಉಲ್ಟಾ. ಗೆರೆ ಲೇಸರಿನ ಮುಂದೆ ಹಾದುಹೋಗುವ ವೇಗ ಒಂದೇ ಆಗಿರಬೇಕಾದ್ದರಿಂದ ಮೋಟಾರು ಡಿವಿಡಿಯ ಒಳಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 1400 ಸುತ್ತು, ಹೊರ ಅಂಚಿನಲ್ಲಿ 600ರ ಆಸುಪಾಸು ತಿರುಗುತ್ತದೆ. ಇಷ್ಟು ಗೊತ್ತಿದ್ದರೆ ಗೀರು ಎಲ್ಲಿದೆ, ಸಿನಿಮಾ ಎಲ್ಲಿ ‘ಸ್ಟ್ರಕ್’ ಆಗುತ್ತದೆ ಎಂಬುದನ್ನು ಕೂಡಿಸಿ ನೋಡಬಹುದು. ಒಂದು ಪದರದ ಡಿಸ್ಕಿನ ಅಂಚಿನಲ್ಲಿ ಬೆರಳಚ್ಚು ಇದ್ದರೆ ಕ್ಲೈಮ್ಯಾಕ್ಸ್ ಹೋಗುತ್ತದೆ. ಎರಡು ಪದರದ ಸಿನಿಮಾ ಡಿಸ್ಕಿನಲ್ಲಿ ಸಾಮಾನ್ಯವಾಗಿ ಮೊದಲ ಪದರ ಒಳಗಿನಿಂದ ಅಂಚಿಗೆ, ಎರಡನೆಯದು ಅಂಚಿನಿಂದ ಒಳಕ್ಕೆ ಓದಲ್ಪಡುತ್ತದೆ. ಹಾಗಾಗಿ ಅದೇ ಅಂಚಿನ ಗೀರು ಸಿನಿಮಾದ ನಡುಭಾಗವನ್ನು ಕೆಡಿಸುತ್ತದೆ. ನಡುವೆ ಎಲ್ಲೋ ಅರ್ಧ ಸೆಕೆಂಡು ಚಿತ್ರ ನಿಂತು ಮುಂದುವರಿದರೆ ಅದು ಗೀರು ಕೂಡ ಅಲ್ಲ, ಲೇಸರ್ ಒಂದು ಪದರದಿಂದ ಇನ್ನೊಂದಕ್ಕೆ ಜಿಗಿದ ಕ್ಷಣ. ಪ್ರತಿಸಲ ಅದೇ ಜಾಗದಲ್ಲಿ ಆಗುತ್ತದೆ.

ಬರಹ ಇರುವ ಆಳವೂ ಮೂರರಲ್ಲಿ ಬೇರೆ ಬೇರೆ. ಸಿಡಿಯಲ್ಲಿ ಅದು ಲೇಬಲ್ಲಿನ ಕೆಳಗೇ ಇದೆ, ಮೇಲೆ ತೆಳು ಮೆರುಗೆಣ್ಣೆ ಬಿಟ್ಟರೆ ರಕ್ಷಣೆ ಇಲ್ಲ. ವಿಸಿಡಿಯ ಚಿತ್ರವಿರುವ ಬದಿಯನ್ನು ಮೇಜಿನ ಮೇಲೆ ಉಜ್ಜಿದರೆ ಹೊಳಪು ಪದರವೇ ಕಿತ್ತುಬರುತ್ತದೆ, ಅದಕ್ಕೆ ಮದ್ದಿಲ್ಲ. ಬೆಳಕಿಗೆ ಹಿಡಿದಾಗ ಸೂಜಿತೂತಿನಂತೆ ಆಚೆಬದಿ ಕಂಡರೆ ಅಲ್ಲಿನ ಬರಹ ಹೋಯಿತೆಂದೇ ಅರ್ಥ. ಡಿವಿಡಿ 0.6 ಮಿ.ಮೀ.ನ ಎರಡು ಬಿಲ್ಲೆ ಅಂಟಿಸಿ ಮಾಡಿದ್ದು, ಬರಹ ನಡುವೆ ಸುರಕ್ಷಿತ. ಬ್ಲೂ-ರೇಯಲ್ಲಿ ಅದು ಕೆಳಬದಿಯಿಂದ ಬರೀ 0.1 ಮಿ.ಮೀ. ಒಳಗೆ. ಅದಕ್ಕೇ ಆ ಬದಿಗೆ ಗಟ್ಟಿ ಲೇಪ ಕೊಟ್ಟಿರುತ್ತಾರೆ.

ಒರೆಸುವಾಗ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರ ಗೆರೆಯಲ್ಲಿ ಒರೆಸಿ, ಗುಂಡಗೆ ತಿರುಗಿಸಬೇಡಿ. ಒಳಗಿನಿಂದ ಹೊರಗೆ ಬಿದ್ದ ಗೀರು ಪ್ರತಿ ಸುತ್ತಿನಲ್ಲಿ ಚೂರೇ ಚೂರು ಮಾಹಿತಿ ಕೆಡಿಸುತ್ತದೆ, ಪ್ಲೇಯರಿನ ದೋಷ ತಿದ್ದುವ ಲೆಕ್ಕ ಅದನ್ನು ತುಂಬಿಕೊಳ್ಳುತ್ತದೆ. ಸುತ್ತಿನ ಉದ್ದಕ್ಕೇ ಬಿದ್ದ ಗೀರು ಒಂದೇ ಕಡೆ ಸಾಲುಸಾಲು ಬರಹ ನುಂಗುತ್ತದೆ, ತಿದ್ದಲು ಏನೂ ಉಳಿಯುವುದಿಲ್ಲ. ಮೆದು ಹತ್ತಿಬಟ್ಟೆ, ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಸಾಕು. ಜಿಡ್ಡು ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್. ಥಿನ್ನರ್, ಪೆಟ್ರೋಲ್ ತಾಗಿಸಿದರೆ ಪ್ಲಾಸ್ಟಿಕ್ಕೇ ಮಂಜಾಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಡಿಸ್ಕಿಗೆ ಬೂಷ್ಟು ಹಿಡಿಯುವುದುಂಟು. ಮೇಲಷ್ಟೇ ಇದ್ದರೆ ತೊಳೆದಾಗ ಹೋಗುತ್ತದೆ, ಪದರದೊಳಗೆ ಇಳಿದಿದ್ದರೆ ಹೋಗದು. ಬರೆದ ಡಿಸ್ಕಿಗೆ ಕಾಗದದ ಲೇಬಲ್ ಅಂಟಿಸಬೇಡಿ. ತೂಕ ಒಂದು ಕಡೆ ವಾಲಿ ತಿರುಗುವಾಗ ಡಿಸ್ಕ್ ಅದುರುತ್ತದೆ, ತೇವಕ್ಕೆ ಲೇಬಲ್ ಸುರುಳಿ ಎದ್ದರೆ ಯಂತ್ರದೊಳಗೇ ಸಿಕ್ಕಿಕೊಳ್ಳುತ್ತದೆ.

‘ಲೆನ್ಸ್ ಹೋಗಿದೆ’ ಎಂದರೆ

ಅಂಗಡಿಯವರು ಲೆನ್ಸ್ ಎನ್ನುವುದು ಇಡೀ ಪಿಕಪ್ ಭಾಗಕ್ಕೆ: ಲೇಸರ್, ಗಾಜಿನ ಕಣ್ಣು, ಅದನ್ನು ಮೇಲೆ ಕೆಳಗೆ ಆಡಿಸುವ ಸುರುಳಿ, ಮರಳಿ ಬಂದ ಬೆಳಕು ಹಿಡಿಯುವ ಸೆನ್ಸರ್. ಡಿವಿಡಿ ಪ್ಲೇಯರಿನ ಪಿಕಪ್‌ನಲ್ಲಿ ಲೇಸರ್ ಒಂದಲ್ಲ, ಎರಡು: ಡಿವಿಡಿಗೆ 650, ಸಿಡಿಗೆ 780. ವಿಸಿಡಿ ಓಡುತ್ತದೆ, ಡಿವಿಡಿ ಓಡುವುದಿಲ್ಲ ಎಂಬ ತುಂಬ ಸಾಮಾನ್ಯ ದೂರಿಗೆ ಅರ್ಥ ಇಲ್ಲಿದೆ. ಮೋಟಾರು, ಬೋರ್ಡು ಚೆನ್ನಾಗಿಯೇ ಇವೆ, 650ರ ಲೇಸರ್ ಸೋತಿದೆ.

ಸೋಲುವುದಕ್ಕೂ ಒಂದು ಕ್ರಮ ಇದೆ. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಒಂದು ಪದರದ ಡಿವಿಡಿ ಬೆಳಕಿನ 45 ರಿಂದ 85 ಶೇಕಡಾ ಮರಳಿಸುತ್ತದೆ, ಎರಡು ಪದರದ್ದೂ ಅಳಿಸಿ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕೂ 18 ರಿಂದ 30 ಶೇಕಡಾ ಮಾತ್ರ. ಹಾಗಾಗಿ ದುರ್ಬಲವಾಗುತ್ತಿರುವ ಪಿಕಪ್ ಮೊದಲು ಆರ್‌ಡಬ್ಲ್ಯೂ ಮತ್ತು ಡಿವಿಡಿ-9ನ್ನು ತಿರಸ್ಕರಿಸುತ್ತದೆ, ಅಚ್ಚಿನ ಡಿವಿಡಿ-5ನ್ನು ಕೊನೆಗೆ. ಒಂದೊಂದು ಬಗೆಯ ಡಿಸ್ಕ್ ಹಾಕಿ ನೋಡಿದರೆ ಯಂತ್ರ ಬಿಚ್ಚದೆಯೇ ರೋಗ ಎಲ್ಲಿಗೆ ಬಂದಿದೆ ಎಂದು ತಿಳಿಯುತ್ತದೆ. ಎಲ್ಲ ಡಿಸ್ಕೂ ಒಟ್ಟಿಗೆ ನಿಂತರೆ ಬರೀ ಧೂಳಿರಬಹುದು. ಕಿವಿಕಡ್ಡಿಗೆ ಎರಡು ಹನಿ ಐಸೊಪ್ರೊಪೈಲ್ ತಾಗಿಸಿ, ಒತ್ತಡ ಹಾಕದೆ ಗಾಜಿನ ಕಣ್ಣನ್ನು ಒರೆಸಿ. ಪ್ಲಗ್ ಕಿತ್ತ ಮೇಲೆಯೇ ಮುಚ್ಚಳ ತೆಗೆಯಿರಿ. 780ರ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಾಣದಿದ್ದರೂ ಕಣ್ಣಿಗೆ ಹಾನಿಯೇ.

ಪಿಕಪ್ ಬದಲಿಸುವುದಾದರೆ ಅದರ ಮೇಲಿನ ನಂಬರ್ ಬರೆದುಕೊಂಡು ಅದೇ ಕೇಳಿ. ಎಸ್ಎಫ್-ಎಚ್‌ಡಿ62, ಕೆಎಚ್ಎಂ-313 ಎಂಬಂಥವು. ಪ್ಲೇಯರಿನ ಬ್ರಾಂಡ್ ಹೇಳಿದರೆ ಸಾಲದು, ಒಂದೇ ಬ್ರಾಂಡಿನಲ್ಲಿ ಹಲವು ಪಿಕಪ್ ಇರುತ್ತವೆ. ಹೊಸದರ ಮೇಲೆ ಸ್ಥಿರವಿದ್ಯುತ್ತಿನಿಂದ ಕಾಪಾಡಲು ಎರಡು ಚುಕ್ಕೆಗಳನ್ನು ಬೆಸುಗೆಯಿಂದ ಕೂಡಿಸಿರುವುದುಂಟು. ಚಪ್ಪಟೆ ಕೇಬಲ್ ಸೇರಿಸಿದ ನಂತರ ಆ ಬೆಸುಗೆ ತೆಗೆಯಬೇಕು. ಅದನ್ನು ಮರೆತರೆ ಹೊಸ ಪಿಕಪ್ಪೂ ‘ನೋ ಡಿಸ್ಕ್’ ಎನ್ನುತ್ತದೆ, ಅಂಗಡಿಯವರು ಮೋಸ ಮಾಡಿದರು ಅನಿಸುತ್ತದೆ. ಪಕ್ಕದಲ್ಲಿರುವ ಪುಟ್ಟ ತಿರುಪನ್ನು ತಿರುಗಿಸಿ ಲೇಸರ್ ಜೋರು ಮಾಡುವ ಉಪಾಯವನ್ನು ನಾನು ಯಾರಿಗೂ ಹೇಳುವುದಿಲ್ಲ. ಕೆಲವು ದಿನ ಓಡಿ ಪೂರ್ತಿ ಸುಟ್ಟುಹೋಗುತ್ತದೆ. ಟ್ರೇ ಹೊರಗೆ ಬರುವುದೇ ಇಲ್ಲ, ಒಳಗೆ ಗುಂಯ್ ಎನ್ನುತ್ತದೆ ಎಂದರೆ ಲೆನ್ಸಿಗೂ ಅದಕ್ಕೂ ಸಂಬಂಧವಿಲ್ಲ. ರಬ್ಬರ್ ಬೆಲ್ಟ್ ಸಡಿಲವಾಗಿದೆ ಅಷ್ಟೆ.

ರೀಜನ್ ಮತ್ತು ಪಾಲ್: ಎರಡು ಬೇರೆ ಬೀಗಗಳು

ಡಿಸ್ಕಿನ ಹಿಂದೆ ಭೂಗೋಳದ ಚಿತ್ರದೊಳಗೆ ಒಂದು ಅಂಕಿ ಇರುತ್ತದೆ, ಅದೇ ರೀಜನ್. ಅಮೆರಿಕ, ಕೆನಡಾ 1, ಯೂರೋಪ್, ಜಪಾನ್ 2, ಆಸ್ಟ್ರೇಲಿಯಾ 4, ಭಾರತ, ರಷ್ಯಾ, ಆಫ್ರಿಕಾದ ಹೆಚ್ಚಿನ ಭಾಗ 5, ಚೀನಾ 6. ಇದು ಕಂಪನಿಗಳು ಮಾರುಕಟ್ಟೆ ಹಂಚಿಕೊಳ್ಳಲು ಹಾಕಿದ ಬೀಗ. ‘0’ ಅಥವಾ ‘ಆಲ್’ ಎಂದಿದ್ದರೆ ಬೀಗವಿಲ್ಲ. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ರೀಜನ್ ಬದಲಿಸಲು 5 ಸಲ ಮಾತ್ರ ಅವಕಾಶ, ಐದನೆಯದು ಶಾಶ್ವತ.

ಪಾಲ್, ಎನ್‌ಟಿಎಸ್‌ಸಿ ಎಂಬುದು ಬೇರೆಯೇ ಸಂಗತಿ, ಅವು ಟಿವಿ ಚಿತ್ರದ ಎರಡು ಪದ್ಧತಿಗಳು. ಡಿಸ್ಕಿನ ಮಟ್ಟಿಗೆ ಪಾಲ್ ಎಂದರೆ 576 ಸಾಲು, ಸೆಕೆಂಡಿಗೆ 25 ಚಿತ್ರ. ಎನ್‌ಟಿಎಸ್‌ಸಿ ಎಂದರೆ 480 ಸಾಲು, 29.97 ಚಿತ್ರ. ಊರಿನಲ್ಲಿ ಮಾಡಿಸಿದ ಮದುವೆ ಡಿವಿಡಿಯನ್ನು ಅಮೆರಿಕದ ಮಗಳಿಗೆ ಕಳಿಸಿದಾಗ ಅಲ್ಲಿ ಓಡದಿದ್ದರೆ ಎಲ್ಲರೂ ರೀಜನ್ನನ್ನು ಬೈಯುತ್ತಾರೆ. ಮನೆಯಲ್ಲಿ ಬರೆದ ಡಿಸ್ಕಿಗೆ ರೀಜನ್ ಬೀಗವೇ ಇರುವುದಿಲ್ಲ. ಅಡ್ಡಿಯಾಗಿರುವುದು ಪಾಲ್. ನಮ್ಮಲ್ಲಿ ಮಾರಿದ ಪ್ಲೇಯರುಗಳು, ಟಿವಿಗಳು ಬಹುತೇಕ ಎರಡನ್ನೂ ಒಪ್ಪುತ್ತವೆ, ಅಲ್ಲಿ ಮಾರಿದ ಅನೇಕ ಪ್ಲೇಯರುಗಳು ಪಾಲ್ ಒಪ್ಪುವುದಿಲ್ಲ. ಲ್ಯಾಪ್‌ಟಾಪಿಗೆ ಡಿವಿಡಿ ಡ್ರೈವ್ ಸಿಕ್ಕಿಸಿ ವಿಎಲ್‌ಸಿ ಎಂಬ ಸಾಫ್ಟ್‌ವೇರಿನಲ್ಲಿ ನೋಡಿದರೆ ತೊಂದರೆ ಮುಗಿಯಿತು.

ಸಿನಿಮಾ ಚಿತ್ರೀಕರಣ ಸೆಕೆಂಡಿಗೆ 24 ಚಿತ್ರ, ಪಾಲ್ 25. ಆ ಒಂದನ್ನು ಹೊಂದಿಸಲು ಸಿನಿಮಾವನ್ನೇ ಶೇಕಡಾ 4ರಷ್ಟು ವೇಗವಾಗಿ ಓಡಿಸುತ್ತಾರೆ. 150 ನಿಮಿಷದ ಸಿನಿಮಾ ಪಾಲ್ ಡಿಸ್ಕಿನಲ್ಲಿ 144 ನಿಮಿಷಕ್ಕೆ ಮುಗಿದರೆ ದೃಶ್ಯ ಕತ್ತರಿಸಿದ್ದಾರೆ ಎಂದುಕೊಳ್ಳಬೇಕಾಗಿಲ್ಲ. ತಿದ್ದದೆ ಬಿಟ್ಟರೆ ಹಾಡಿನ ಶ್ರುತಿಯೂ ಅರೆಸ್ವರಕ್ಕಿಂತ ತುಸು ಕಡಿಮೆಯಷ್ಟು ಮೇಲೇರುತ್ತದೆ. ಕಿವಿ ತಿಳಿದವರಿಗೆ ಗೊತ್ತಾಗುತ್ತದೆ.

ಟಿವಿಗೆ ಹೋಗುವ ದಾರಿ

ಹಳದಿ-ಕೆಂಪು-ಬಿಳಿ ಕೇಬಲ್ಲಿನಲ್ಲಿ ಹಳದಿಗೆ ‘ಕಾಂಪೊಸಿಟ್’ ಎಂದು ಹೆಸರು, ಇಡೀ ಚಿತ್ರ ಒಂದೇ ತಂತಿಯಲ್ಲಿ. ಹಸಿರು-ನೀಲಿ-ಕೆಂಪು ‘ಕಾಂಪೊನೆಂಟ್’, ಬಣ್ಣ ಬಿಡಿಸಿ ಮೂರು ತಂತಿಯಲ್ಲಿ. ಅನೇಕ ಹೊಸ ಟಿವಿಗಳಲ್ಲಿ ಹಳದಿಗೆ ಬೇರೆ ತೂತು ಇರುವುದಿಲ್ಲ, ಹಸಿರಿನಲ್ಲೇ ಹಾಕಬೇಕು. ಚಿತ್ರ ಕಪ್ಪು-ಬಿಳುಪಾಗಿ ಬಂದರೆ ಪ್ಲೇಯರ್ ಕಾಂಪೊಸಿಟ್ ಕಳಿಸುತ್ತಿದೆ, ಟಿವಿ ಕಾಂಪೊನೆಂಟ್ ಎಂದುಕೊಂಡಿದೆ. ಚಿತ್ರದ ಸಾಲುಗಳನ್ನೆಲ್ಲ ಒಂದೇ ಸಲಕ್ಕೆ ಕಳಿಸುವ ‘ಪ್ರೋಗ್ರೆಸಿವ್ ಸ್ಕ್ಯಾನ್’ ಕಾಂಪೊನೆಂಟ್ ಮತ್ತು ಎಚ್‌ಡಿಎಂಐನಲ್ಲಿ ಮಾತ್ರ ಹೋಗುತ್ತದೆ. ಹಳದಿ ತಂತಿ ಹಾಕಿದವರು ರಿಮೋಟಿನಲ್ಲಿ ಪಿ-ಸ್ಕ್ಯಾನ್ ಅಥವಾ ವಿ-ಮೋಡ್ ಒತ್ತಿಬಿಟ್ಟರೆ ಪರದೆ ಖಾಲಿ, ಮೆನು ಕೂಡ ಕಾಣದು. ಅದೇ ಬಟನ್ನನ್ನು ಒಂದೊಂದೇ ಸಲ, ಮೂರು ನಾಲ್ಕು ಸೆಕೆಂಡು ಬಿಟ್ಟು ಒತ್ತುತ್ತ ಹೋದರೆ ಚಿತ್ರ ಮರಳುತ್ತದೆ.

ಪರದೆಯ ಆಕಾರಕ್ಕೆ ಮೆನುವಿನಲ್ಲಿ ಮೂರು ಆಯ್ಕೆ: 16:9, 4:3 ಲೆಟರ್‌ಬಾಕ್ಸ್, 4:3 ಪ್ಯಾನ್-ಸ್ಕ್ಯಾನ್. ಇವತ್ತಿನ ಅಗಲ ಟಿವಿಗೆ 16:9 ಇಟ್ಟು ಮರೆತುಬಿಡಿ. ಹಾಗಿಟ್ಟರೂ ಮೇಲೆ ಕೆಳಗೆ ಕಪ್ಪುಪಟ್ಟಿ ಉಳಿದರೆ ಆ ಸಿನಿಮಾ ಚಿತ್ರೀಕರಿಸಿದ್ದೇ 2.35:1ರಲ್ಲಿ.

ದನಿಯಲ್ಲಿ ಎಡವುವುದು ಎರಡು ಕಡೆ. ಮೊದಲನೆಯದು ‘ಡೌನ್‌ಮಿಕ್ಸ್’. 5.1 ಎಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್, ಮತ್ತು ಸಂಭಾಷಣೆ ಹೆಚ್ಚಾಗಿ ನಡುವಿನ ಸ್ಪೀಕರಿಗೆ ಹೋಗುತ್ತದೆ. ಪ್ಲೇಯರಿನಲ್ಲಿ 5.1 ಆಯ್ಕೆ ಮಾಡಿ ಟಿವಿಗೆ ಕೆಂಪು-ಬಿಳಿ ಮಾತ್ರ ಕೊಟ್ಟರೆ ಸಂಗೀತ ಅಬ್ಬರಿಸುತ್ತದೆ, ಮಾತು ಮಾತ್ರ ಪಾತಾಳದಲ್ಲಿ. ಡೌನ್‌ಮಿಕ್ಸ್ ಅನ್ನು ‘ಸ್ಟೀರಿಯೊ’ ಮಾಡಿದರೆ ನಡುವಿನದು ಎರಡೂ ಬದಿಗೆ ಹಂಚಿಬರುತ್ತದೆ. ಎರಡನೆಯದು ‘ಬಿಟ್‌ಸ್ಟ್ರೀಮ್’. ಅದರಲ್ಲಿ ದನಿಯನ್ನು ಬಿಡಿಸದೆ ಹಾಗೇ ಕಳಿಸುತ್ತಾರೆ, ಬಿಡಿಸುವ ಆಂಪ್ಲಿಫೈಯರ್ ಆಚೆ ಇರಬೇಕು. ನೇರ ಟಿವಿಗೆ ಕೊಟ್ಟವರು ‘ಪಿಸಿಎಂ’ ಇಡಬೇಕು, ಆಗ ಪ್ಲೇಯರೇ ದನಿ ಬಿಡಿಸಿ ಕಳಿಸುತ್ತದೆ. ಡಿಟಿಎಸ್, ಡಾಲ್ಬಿ ಎರಡೂ ದನಿಯ ಬರಹಗಳು. ಡಿಟಿಎಸ್ ಟ್ರ್ಯಾಕಿನಲ್ಲಿ ಮಾತ್ರ ದನಿ ಇಲ್ಲ, ಡಾಲ್ಬಿಯಲ್ಲಿ ಇದೆ ಎಂದರೆ ಪ್ಲೇಯರಿಗೋ ಟಿವಿಗೋ ಡಿಟಿಎಸ್ ಬಿಡಿಸಲು ಬಾರದು. ರಿಮೋಟಿನ ‘ಆಡಿಯೊ’ ಬಟನ್ ಒತ್ತಿ ಬೇರೆ ಟ್ರ್ಯಾಕಿಗೆ ಹೋಗಿ.

ಡಿವಿಡಿ ಪ್ಲೇಯರಿನ ಡಬ್ಬದ ಮೇಲೆ ‘1080ಪಿ ಅಪ್‌ಸ್ಕೇಲಿಂಗ್’ ಎಂದಿದ್ದರೆ ಅದು ಬ್ಲೂ-ರೇ ಅಲ್ಲ. ಅದೇ 576 ಸಾಲನ್ನು ಹಿಗ್ಗಿಸಿ ಕೊಡುತ್ತದೆ, ಇಲ್ಲದ ವಿವರ ಹುಟ್ಟುವುದಿಲ್ಲ. ಬ್ಲೂ-ರೇಯಲ್ಲಿ 1920×1080 ನಿಜವಾಗಿಯೂ ಬರೆದಿರುತ್ತದೆ. ಅದರ ರೀಜನ್ ಅಕ್ಷರದಲ್ಲಿ, ಭಾರತಕ್ಕೆ ‘ಸಿ’. ಒಂದೇ ಯಂತ್ರದಲ್ಲಿ ಡಿವಿಡಿಗೆ 5, ಬ್ಲೂ-ರೇಗೆ ಸಿ ಎಂದು ಎರಡು ಬೀಗ ಇರುತ್ತವೆ. 2016ರಲ್ಲಿ ಬಂದ ಅಲ್ಟ್ರಾ ಎಚ್‌ಡಿ ಬ್ಲೂ-ರೇಗೆ ರೀಜನ್ ಇಲ್ಲ, ಆದರೆ ಮಾಮೂಲಿ ಬ್ಲೂ-ರೇ ಪ್ಲೇಯರ್ ಅದನ್ನು ಓದಲಾರದು. ಹೊಸ ಬ್ಲೂ-ರೇ ಸಿನಿಮಾ ಓಡದೆ ಹಳೆಯವೆಲ್ಲ ಓಡಿದರೆ ಫರ್ಮ್‌ವೇರ್ (ಪ್ಲೇಯರಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ನಕಲು ತಡೆಯುವ ಬೀಗದ ಕೈ ಬದಲಾಗುತ್ತ ಇರುತ್ತದೆ. ಇನ್ನೊಂದು ಮಾತು: ಬ್ಲೂ-ರೇ ಪ್ಲೇಯರುಗಳೆಲ್ಲ ಡಿವಿಡಿ ಓದುತ್ತವೆ, ಎಲ್ಲವೂ ವಿಸಿಡಿ ಓದುವುದಿಲ್ಲ. ಮನೆಯಲ್ಲಿ ವಿಸಿಡಿ ರಾಶಿ ಇದ್ದವರು ಕೊಳ್ಳುವ ಮೊದಲು ಕೈಪಿಡಿಯ ಪಟ್ಟಿ ನೋಡಬೇಕು.

ಮನೆಯಲ್ಲಿ ಬರೆದ ಡಿಸ್ಕುಗಳನ್ನು ಮಾತ್ರ ತಡಮಾಡದೆ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ. ಅಚ್ಚಿನ ಡಿಸ್ಕಿನಲ್ಲಿರುವುದು ಒತ್ತಿ ಮೂಡಿಸಿದ ಕುಳಿ, ಬರೆದ ಡಿಸ್ಕಿನಲ್ಲಿರುವುದು ಬಣ್ಣದ ಪದರದ ಕಲೆ. ಬಿಸಿಲು, ಸೆಖೆಗೆ ಅದು ಮಂಕಾಗುತ್ತದೆ. ಡಿವಿಡಿಯಾದರೆ ‘ವಿಡಿಯೊ ಟಿಎಸ್’ ಫೋಲ್ಡರನ್ನು ಇಡಿಯಾಗಿ ನಕಲಿಸಿ, ಬರೀ ವಿಒಬಿ ಫೈಲುಗಳನ್ನು ಆರಿಸಿಕೊಂಡರೆ ಮೆನು ಮತ್ತು ಅನುಕ್ರಮ ಕಳೆದುಹೋಗುತ್ತದೆ. ವಿಸಿಡಿಯಾದರೆ ‘ಎಂಪೆಗ್ಎವಿ’ ಫೋಲ್ಡರಿನ ಡ್ಯಾಟ್ ಫೈಲುಗಳನ್ನು ತೆಗೆದುಕೊಂಡರೆ ಸಾಕು, ವಿಎಲ್‌ಸಿ ಅವನ್ನು ಹಾಗೆಯೇ ಓಡಿಸುತ್ತದೆ. ನಕಲು ನಡುವೆ ನಿಂತರೆ ಡಿಸ್ಕ್ ತೊಳೆದು ಒಣಗಿಸಿ, ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಬಿಟ್ಟುಕೊಟ್ಟ ಡಿಸ್ಕನ್ನು ಇನ್ನೊಂದು ಓದಿಬಿಡುವುದು ಅಪರೂಪವೇನಲ್ಲ.